ಇಂಗಾಲಕರ್ಮ ಮತ್ತು ಜಲಗಾಲನ: ಜಾವಗಲ್ ಸೀಮೆಯ ಚಿಪ್ಪಿನ ಇದ್ದಿಲು

ಕನ್ನಡ ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಇಂಗಾಲ' ಎಂಬುದು ಒಂದು ಮೂಲವಸ್ತುವಿನ ಹೆಸರು. ಜೈನ ಆಗಮಗಳ ಪ್ರಾಕೃತದಲ್ಲಿ ಅದೇ ಶಬ್ದ ಕೆಂಡಕ್ಕೂ ಇದ್ದಿಲಿಗೂ ಸಲ್ಲುತ್ತದೆ. ಸಂಸ್ಕೃತದ 'ಅಂಗಾರ' ಪ್ರಾಕೃತದಲ್ಲಿ 'ಇಂಗಾಲ'ವಾಯಿತು. ಕನ್ನಡ ಕಾವ್ಯದ 'ಇಂಗಳ'ವೂ ಅದೇ ಕುಲದ್ದು. ಶ್ವೇತಾಂಬರ ಆಗಮದ ಏಳನೆಯ ಅಂಗವಾದ 'ಉಪಾಸಕದಶಾ' ಗೃಹಸ್ಥನು ತೊರೆಯಬೇಕಾದ ಹದಿನೈದು ವೃತ್ತಿಗಳನ್ನು ಎಣಿಸುತ್ತದೆ. ಆ ಪಟ್ಟಿಯ ಮೊದಲ ಹೆಸರು 'ಇಂಗಾಲಕಮ್ಮ', ಅಂದರೆ ಇದ್ದಿಲು ಸುಟ್ಟು ಬದುಕುವ ಕಸುಬು. ಕೆರೆ, ಮಡು, ಕೊಳಗಳನ್ನು ಬತ್ತಿಸುವುದು ಅದೇ ಪಟ್ಟಿಯ ಹದಿನಾಲ್ಕನೆಯದು.

ಇದೇ ಪರಂಪರೆ ನೀರನ್ನು ಸೋಸಿ ಕುಡಿಯುವುದನ್ನು ಶ್ರಾವಕನ ನಿತ್ಯದ ನೇಮವಾಗಿ ವಿಧಿಸಿತು. ಒಂದು ಕಡೆ ಇದ್ದಿಲ ಕಸುಬಿನ ನಿಷೇಧ, ಇನ್ನೊಂದು ಕಡೆ ಶುದ್ಧ ನೀರಿನ ವಿಧಿ. ಇಂದು ಕುಡಿಯುವ ನೀರನ್ನು ಶುದ್ಧಗೊಳಿಸುವ ಯಂತ್ರಗಳ ಒಳಗೆ ಕುಳಿತಿರುವುದು ಬಹುಮಟ್ಟಿಗೆ ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಿಲು. ಶಾಸ್ತ್ರ ಬೇರೆಬೇರೆಯಾಗಿ ಇರಿಸಿದ ಎರಡು ಸಂಗತಿಗಳು ಹೀಗೆ ಒಂದೇ ಕೊಳವೆಯಲ್ಲಿ ಕೂಡಿಕೊಂಡಿವೆ. ಈ ಕೂಟವನ್ನು ಪರಿಶೀಲಿಸಲು ಜಾವಗಲ್ ಸೀಮೆಗಿಂತ ತಕ್ಕ ನೆಲ ಸಿಗುವುದು ಕಷ್ಟ. ತೆಂಗು, ಚಿಪ್ಪು, ಕೆಟ್ಟ ನೀರು, ಹಳೆಯ ಜಿನಾಲಯಗಳು, ಹಳೆಯ ಕೆರೆಗಳು ಎಲ್ಲವೂ ಅಲ್ಲಿ ಒಂದರ ಪಕ್ಕದಲ್ಲೊಂದು ಇವೆ.

ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ, ಹಳೇಬೀಡಿನ ಈಶಾನ್ಯಕ್ಕಿದೆ. ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, 1250ರ ಸುಮಾರಿಗೆ ಕಟ್ಟಲಾದ ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಮೂರು ಗರ್ಭಗುಡಿಗಳ ರಚನೆ. ಅದರ ಶಿಲ್ಪಿಗಳಲ್ಲಿ ಮಲ್ಲಿತಮ್ಮನ ಹೆಸರು ಪ್ರಸಿದ್ಧ. ನೈಋತ್ಯಕ್ಕೆ ದೋರಸಮುದ್ರದ ಬಸದಿಗಳು. ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ವಿಜಯ ಪಾರ್ಶ್ವನಾಥ ಬಸದಿ ಅಲ್ಲಿದೆ. ಪೂರ್ವಕ್ಕೆ ಅರಸೀಕೆರೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1220ರ ಸುಮಾರಿಗೆ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯದ ಊರು. ದೋರಸಮುದ್ರ, ಅರಸೀಕೆರೆ ಎಂಬ ಎರಡು ಹೆಸರುಗಳಲ್ಲೂ ನೀರಿದೆ. ಒಂದು ಸಮುದ್ರವೆನಿಸಿಕೊಂಡ ಕೆರೆ, ಇನ್ನೊಂದು ಅರಸಿಯ ಕೆರೆ. ಮಲೆನಾಡಿನ ಮಳೆ ಹಿಂದಕ್ಕೆ ಉಳಿದು ಬಯಲುಸೀಮೆ ಆರಂಭವಾಗುವ ಈ ಅಂಚಿನಲ್ಲಿ ಊರು ಕಟ್ಟಬೇಕಾದರೆ ಮೊದಲು ಕೆರೆ ಕಟ್ಟಬೇಕಿತ್ತು.

ಜಾವಗಲ್ಲಿನ ದೇವಾಲಯ ಏಳುವುದಕ್ಕೆ ಸ್ವಲ್ಪ ಹಿಂದೆ, ದೂರದ ಮಾಳವದಲ್ಲಿ ಪಂಡಿತ ಆಶಾಧರನು 'ಸಾಗಾರಧರ್ಮಾಮೃತ'ವನ್ನು ರಚಿಸಿದನು. ದಿಗಂಬರ ಗೃಹಸ್ಥರ ಆಚಾರವನ್ನು ತಿಳಿಯಲು ವಿದ್ವಾಂಸರು ಇಂದಿಗೂ ತೆರೆಯುವ ಗ್ರಂಥವಿದು. ಜಲಗಾಲನದ ವಿಚಾರದಲ್ಲಿ ಆಶಾಧರ ತೋರುವ ಸೂಕ್ಷ್ಮತೆ ಗಮನಾರ್ಹ. ನೀರನ್ನು ಸೋಸಿದರೆ ಸಾಕು ಎಂದು ಅವನು ಬಿಡುವುದಿಲ್ಲ. ಸೋಸುವ ಕ್ರಿಯೆಯಲ್ಲೇ ಆಗಬಹುದಾದ ಮೂರು ಲೋಪಗಳನ್ನು ಹೇಳುತ್ತಾನೆ. ಎರಡು ಮುಹೂರ್ತ ಕಳೆದ ಮೇಲೂ ಮತ್ತೆ ಸೋಸದಿರುವುದು ಒಂದು. ತಕ್ಕದಲ್ಲದ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಸೋಸಿದ ಮೇಲೆ ಉಳಿದುದನ್ನು ಅದು ಬಂದ ಜಲಾಶಯಕ್ಕಲ್ಲದೆ ಬೇರೆಡೆಗೆ ಸುರಿಯುವುದು ಮೂರನೆಯದು. ಬಟ್ಟೆಯಲ್ಲಿ ಸಿಕ್ಕ ಸೂಕ್ಷ್ಮ ಜೀವಿಗಳು ತಮ್ಮ ನೀರಿಗೇ ಮರಳಬೇಕು ಎಂಬುದು ಇದರ ಆಶಯ. ಕುಡಿಯುವವನ ಆರೋಗ್ಯ ಇಲ್ಲಿ ಪಕ್ಕದ ವಿಷಯ; ನೀರಿನಲ್ಲಿರುವ ಜೀವಗಳ ರಕ್ಷಣೆಯೇ ಮುಖ್ಯ. ಆದ್ದರಿಂದಲೇ ಶುದ್ಧೀಕರಿಸಿದವನ ಹೊಣೆ ಪಾತ್ರೆ ತುಂಬಿದಾಗ ಮುಗಿಯದೆ, ಉಳಿಕೆಯು ಸೇರಬೇಕಾದಲ್ಲಿಗೆ ಸೇರಿದಾಗ ಮುಗಿಯುತ್ತದೆ.

ಪ್ರಾಚೀನರ ಈ ಶುದ್ಧೀಕರಣ ವಿಧಾನಗಳಲ್ಲಿ ಇದ್ದಿಲಿಗೆ ಸ್ಥಾನವಿತ್ತೇ? ಭಾರತೀಯರು ಸಾವಿರಾರು ವರ್ಷಗಳ ಹಿಂದೆಯೇ ಇದ್ದಿಲಿನಿಂದ ನೀರು ಸೋಸುತ್ತಿದ್ದರೆಂಬ ಮಾತು ಜನಪ್ರಿಯ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಮೂಲ ಗ್ರಂಥಗಳನ್ನು ತೆರೆದರೆ ಚಿತ್ರ ಬೇರೆಯಾಗುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನ ಕಲಕಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೇಳುತ್ತದೆ: ಕತಕ, ಗೋಮೇದಕ, ತಾವರೆಯ ಗಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು ಮತ್ತು ಮಣಿ. ಇವುಗಳಲ್ಲಿ ಇದ್ದಿಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯ ಕೆಟ್ಟ ಬಾವಿಯ ನೀರಿಗೆ ಹಾಕಲು ಹೇಳುವ ಚೂರ್ಣದಲ್ಲಿ ಅಂಜನ, ಕೊನ್ನಾರಿ, ಲಾವಂಚ, ನೆಲ್ಲಿ, ಕತಕ ಮುಂತಾದವು ಸೇರಿವೆ. ಅಲ್ಲಿಯೂ ಇದ್ದಿಲು ಕಾಣುವುದಿಲ್ಲ. ಎರಡರಲ್ಲೂ ಬರುವ ಕತಕವೆಂದರೆ ಕನ್ನಡದ ಚಿಲ್ಲದ ಬೀಜ. ಇದನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬಿಸಿದರೆ ಕೆಸರು ತಳಕ್ಕೆ ಕೂರುತ್ತದೆ.

ಈ ಬೀಜ ಜೈನ ದರ್ಶನದೊಳಕ್ಕೂ ಬಂದಿದೆ. ಗಂಗರ ನಾಡಿನ ಪರಂಪರೆಗೆ ಸೇರಿದ ಆಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ 'ಸರ್ವಾರ್ಥಸಿದ್ಧಿ' ವ್ಯಾಖ್ಯಾನದಲ್ಲಿ, ಎರಡನೆಯ ಅಧ್ಯಾಯದ ಆರಂಭಕ್ಕೇ, ಜೀವದ ಭಾವಗಳನ್ನು ವಿವರಿಸಲು ನೀರಿನ ಉಪಮೆಯನ್ನು ಬಳಸುತ್ತಾರೆ. ಕತಕವನ್ನು ಹಾಕಿದಾಗ ಕೆಸರು ತಳದಲ್ಲಿ ಅಡಗಿ ನೀರು ತಿಳಿಯಾಗುವುದು ಕರ್ಮದ ಉಪಶಮಕ್ಕೆ ಹೋಲಿಕೆ. ಆ ತಿಳಿನೀರನ್ನು ಬೇರೊಂದು ಶುಚಿಯಾದ ಪಾತ್ರೆಗೆ ಬಸಿದಾಗ ಕೆಸರು ಪೂರ್ತಿ ಇಲ್ಲವಾಗುವುದು ಕ್ಷಯಕ್ಕೆ ಹೋಲಿಕೆ. ಉಪಶಮದಲ್ಲಿ ಮಲವು ಇದ್ದೇ ಇರುತ್ತದೆ, ಅಡಗಿರುತ್ತದೆ ಅಷ್ಟೆ; ಪಾತ್ರೆ ಅಲುಗಿದರೆ ಮತ್ತೆ ಮೇಲೇಳುತ್ತದೆ. ಕರ್ಮಸಿದ್ಧಾಂತಕ್ಕಾಗಿ ಮಾಡಿದ ಈ ವಿವೇಚನೆ ನೀರಿನ ಯಂತ್ರಗಳ ವಿಚಾರದಲ್ಲೂ ಎಷ್ಟು ನಿಖರವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಇದ್ದಿಲಿನ ಶೋಧಕ ಗುಣ ಆಧುನಿಕ ರಸಾಯನಶಾಸ್ತ್ರದ ಲೆಕ್ಕಕ್ಕೆ ಬಂದದ್ದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ. ಇದ್ದಿಲು ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದನ್ನು 1773ರಲ್ಲಿ ಸ್ವೀಡನ್ನಿನ ಷೀಲೆ ಗುರುತಿಸಿದ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಔಷಧತಜ್ಞ ಲೋವಿಟ್ಸ್, ಇದ್ದಿಲು ದ್ರಾವಣಗಳ ಬಣ್ಣವನ್ನು ತೆಗೆಯುವುದನ್ನು ಕಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗಳು ಈ ಗುಣವನ್ನು ಬಳಸಿಕೊಂಡವು. ಅವು ಆರಿಸಿಕೊಂಡದ್ದು ಪ್ರಾಣಿಗಳ ಮೂಳೆಯ ಇದ್ದಿಲನ್ನು. 1900ರ ಆಸುಪಾಸಿನಲ್ಲಿ ಒಸ್ಟ್ರೆಯ್ಕೊ ಎಂಬ ರಸಾಯನಜ್ಞ ಸಸ್ಯಮೂಲದ ಇದ್ದಿಲನ್ನು ಹಬೆಯಿಂದಲೂ ರಾಸಾಯನಿಕಗಳಿಂದಲೂ ಇನ್ನಷ್ಟು ಚುರುಕುಗೊಳಿಸುವ ವಿಧಾನಗಳಿಗೆ ಹಕ್ಕುಪತ್ರ ಪಡೆದ. ಸಕ್ರಿಯ ಇಂಗಾಲವೆಂದು ಇಂದು ಕರೆಯುವ ಪದಾರ್ಥಕ್ಕೆ ಅಲ್ಲಿಂದ ಕೈಗಾರಿಕೆಯ ರೂಪ ಬಂತು.

ತೆಂಗಿನ ಚಿಪ್ಪಿಗೆ ಪ್ರಾಮುಖ್ಯ ದೊರೆತದ್ದು ಮಾತ್ರ ಯುದ್ಧದಿಂದ. 1915ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಬಿಟ್ಟ ಮೇಲೆ ಅನಿಲದಿಂದ ಕಾಯುವ ಮುಖವಾಡಗಳ ಹುಡುಕಾಟ ತೀವ್ರವಾಯಿತು. ರಷ್ಯದ ಜೆಲಿನ್ಸ್ಕಿ ಇದ್ದಿಲು ತುಂಬಿದ ಮುಖವಾಡವನ್ನು ರೂಪಿಸಿದ. ಅಮೆರಿಕದಲ್ಲಿ 1918ರಲ್ಲಿ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಮನೆಮನೆಯಿಂದ ಸಂಗ್ರಹಿಸಲಾಯಿತು. ಎಲ್ಲಕ್ಕಿಂತ ಉತ್ತಮವಾದುದು ತೆಂಗಿನ ಚಿಪ್ಪು ಎಂಬುದು ಆಗ ಖಚಿತವಾಯಿತು. ಯುದ್ಧ ಮುಗಿದ ನಂತರ, 1930ರ ದಶಕದಿಂದೀಚೆಗೆ, ನಗರಗಳ ನೀರು ಸರಬರಾಜಿನಲ್ಲಿ ವಾಸನೆ ಮತ್ತು ರುಚಿಯ ದೋಷಗಳನ್ನು ನೀಗಲು ಸಕ್ರಿಯ ಇಂಗಾಲದ ಬಳಕೆ ಹರಡಿತು. ಹಿಂಸೆಯ ನಡುವೆ ಪಳಗಿದ ವಸ್ತು ಹೀಗೆ ಕುಡಿಯುವ ನೀರಿಗೆ ಬಂತು.

ಅರಸೀಕೆರೆ, ತಿಪಟೂರು ಸೀಮೆಯ ಚಿಪ್ಪಿಗೆ ಒಂದು ವಿಶೇಷವಿದೆ. ಇಲ್ಲಿ ಮುಖ್ಯವಾಗಿ ತಯಾರಾಗುವುದು ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ಎಳನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಅಲುಗಿಸಿದರೆ ಕೊಬ್ಬರಿ ಗಡಗಡ ಸದ್ದು ಮಾಡುವ ಹೊತ್ತಿಗೆ ಚಿಪ್ಪೂ ಪೂರ್ತಿ ಒಣಗಿರುತ್ತದೆ. ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಸಿಪ್ಪೆ ನಾರಾಗುತ್ತದೆ, ಚಿಪ್ಪು ಉಳಿಯುತ್ತದೆ. ಹಿಂದೆ ಅದು ನೀರೊಲೆಯ ಸೌದೆಯಾಗಿತ್ತು. ಈಗ ಲೆಕ್ಕ ಹಾಕಿ ಕೊಳ್ಳುವ ಸರಕಾಗಿದೆ. ಗುಂಡಿಯಲ್ಲಿಯೋ ಡ್ರಮ್ಮಿನಲ್ಲಿಯೋ ಅಷ್ಟಿಷ್ಟೇ ಗಾಳಿ ಕೊಟ್ಟು ಸುಟ್ಟರೆ ಚಿಪ್ಪಿನ ತೂಕದ ಶೇಕಡಾ 30ರಷ್ಟು ಇದ್ದಿಲು ಸಿಗುತ್ತದೆ. ಸ್ಥೂಲ ಲೆಕ್ಕದಲ್ಲಿ 30,000 ಕಾಯಿಗಳ ಚಿಪ್ಪಿನಿಂದ ಒಂದು ಟನ್ ಇದ್ದಿಲು. ಅದನ್ನು ತಮಿಳುನಾಡು, ಕೇರಳಗಳಲ್ಲಿರುವಂಥ ಕಾರ್ಖಾನೆಗಳಲ್ಲಿ 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಶಾಖದಲ್ಲಿ ಹಬೆ ಹಾಯಿಸಿ ಸಕ್ರಿಯಗೊಳಿಸುತ್ತಾರೆ. ಮೂರು ಟನ್ ಇದ್ದಿಲು ಸವೆದು ಒಂದು ಟನ್ ಸಕ್ರಿಯ ಇಂಗಾಲವಾಗುತ್ತದೆ. ಅಂದರೆ ಒಂದು ಟನ್ನಿನ ಹಿಂದೆ ಸುಮಾರು 90,000 ತೆಂಗಿನಕಾಯಿಗಳಿವೆ. ಸವೆದ ಭಾಗ ವ್ಯರ್ಥವಲ್ಲ. ಹಬೆಯು ಇದ್ದಿಲನ್ನು ಕೊರೆದು ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ. ಹಾಗೆ ತೆರೆದ ಒಳಮೈಯನ್ನೆಲ್ಲ ಹರಡಿದರೆ ಒಂದೇ ಗ್ರಾಂ ಇಂಗಾಲದ ವಿಸ್ತಾರ ಸಾವಿರ ಚದರ ಮೀಟರಿನಷ್ಟಾಗುತ್ತದೆ. ನೀರಿನೊಳಗಿನ ಸಾವಯವ ಕಲ್ಮಶಗಳೂ ಬಣ್ಣ, ವಾಸನೆಗಳೂ ಈ ಒಳಗೋಡೆಗಳಿಗೆ ಅಂಟಿ ನಿಲ್ಲುತ್ತವೆ. ಕ್ಲೋರಿನ್ನಿನ ಉಳಿಕೆಯೂ ಅಲ್ಲಿಯೇ ತನ್ನ ಉಗ್ರತೆಯನ್ನು ಕಳೆದುಕೊಳ್ಳುತ್ತದೆ.

ಆದರೆ ಅರಸೀಕೆರೆ ತಾಲ್ಲೂಕಿನ ನೀರಿನ ಮುಖ್ಯ ದೋಷ ವಾಸನೆಯದಲ್ಲ, ಫ್ಲೋರೈಡಿನದು. ಹಾಸನ ಜಿಲ್ಲೆಯಲ್ಲಿ ಈ ತೊಂದರೆಗೆ ಹೆಸರಾದ ತಾಲ್ಲೂಕು ಇದು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹೆಚ್ಚಾದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ಇದ್ದಿಲು ಇಲ್ಲಿ ಸೋಲುತ್ತದೆ. ಫ್ಲೋರೈಡ್ ನೀರಿನ ಕಣಗಳೊಡನೆ ಬಲವಾಗಿ ಬೆಸೆದುಕೊಂಡ ಪುಟ್ಟ ಅಯಾನು; ಸಾವಯವ ಕಲ್ಮಶಕ್ಕೆ ಒಲಿಯುವ ಇಂಗಾಲದ ಮೈ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕೀಟಾಣುಗಳ ವಿಷಯದಲ್ಲೂ ಅದರ ಮೇಲೆ ಭರವಸೆ ಇಡುವಂತಿಲ್ಲ. ಬದಲಾಯಿಸದೆ ಬಿಟ್ಟ ಇದ್ದಿಲಿನ ಪದರವೇ ಅವುಗಳಿಗೆ ನೆಲೆಯಾಗಬಹುದು.

ಫ್ಲೋರೈಡನ್ನು ಹಿಡಿಯುವ ಇದ್ದಿಲು ಒಂದಿದೆ, ಅದು ಮೂಳೆಯ ಇದ್ದಿಲು. ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ ಫ್ಲೋರೈಡನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಫ್ಲೋರೈಡ್ ಮನುಷ್ಯನ ಮೂಳೆಯಲ್ಲಿ ಸೇರಿಕೊಳ್ಳುವುದೂ ಇದೇ ಕಾರಣದಿಂದ. ಪೂರ್ವ ಆಫ್ರಿಕಾದ ಕೀನ್ಯಾ, ತಾಂಜಾನಿಯಾಗಳಲ್ಲಿ ಈ ವಿಧಾನ ಬಳಕೆಗೆ ಬಂದಿದೆ. ಭಾರತದಲ್ಲಿ ಅದು ಒಗ್ಗಲಿಲ್ಲ. ಜೈನರಿಗಂತೂ ಮೂಳೆಯ ಮೇಲೆ ಹಾದ ನೀರು ಪ್ರಾಸುಕವಾಗುವ ಪ್ರಶ್ನೆಯೇ ಇಲ್ಲ. ಜೈನೇತರರಲ್ಲೂ ಅದರ ಬಗ್ಗೆ ಅಸಹ್ಯವಿತ್ತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಸ್ಫಟಿಕ ಮತ್ತು ಸುಣ್ಣ ಬಳಸಿ ರೂಪಿಸಿದ ನಲಗೊಂಡ ವಿಧಾನಕ್ಕೆ ಈ ಹಿನ್ನೆಲೆಯಲ್ಲಿ ಮಹತ್ತ್ವವಿದೆ. ಕೆಸರನ್ನು ತಳಕ್ಕೆ ಕೂರಿಸುವ ಸ್ಫಟಿಕ ಕೆಲಸ ಮಾಡುವ ಬಗೆ ಚಿಲ್ಲದ ಬೀಜದ್ದಕ್ಕೆ ಸಮೀಪವೆಂಬುದು ಆಕಸ್ಮಿಕವಲ್ಲ.

ಈಗ ಹಳ್ಳಿಗಳಲ್ಲಿ ಕಾಣುವುದು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ. ಅದರಲ್ಲಿ ನೀರು ಮೊದಲು ಮರಳಿನ ಪದರವನ್ನೂ ಆಮೇಲೆ ಸಕ್ರಿಯ ಇಂಗಾಲದ ಪದರವನ್ನೂ ಹಾಯುತ್ತದೆ. ಕೊನೆಗೆ ಹೆಚ್ಚಿನ ಒತ್ತಡದಲ್ಲಿ ಸೂಕ್ಷ್ಮ ಪೊರೆಯನ್ನು ದಾಟುತ್ತದೆ. ಫ್ಲೋರೈಡನ್ನು ತಡೆಯುವುದು ಆ ಪೊರೆ. ಕ್ಲೋರಿನ್ನೂ ಸಾವಯವ ಕಲ್ಮಶವೂ ತಗುಲಿ ಪೊರೆ ಕೆಡದಂತೆ ಕಾಯುವುದು ಇಂಗಾಲ. ತೋಟದ ಚಿಪ್ಪು ನಾಡು ಸುತ್ತಿ ಕಪ್ಪು ಹರಳಾಗಿ ಇಂಥ ಘಟಕಗಳ ಉಕ್ಕಿನ ಪಾತ್ರೆಗೆ ಬಂದು ಸೇರುತ್ತದೆ. ಅಲ್ಲಿ ಅದು ಮಾಡುವ ಕೆಲಸ ಪೂಜ್ಯಪಾದರ ಪರಿಭಾಷೆಯಲ್ಲಿ ಉಪಶಮವೇ ಹೊರತು ಕ್ಷಯವಲ್ಲ. ಸಾವಯವ ಮಲ ನಾಶವಾಗಿಲ್ಲ, ರಂಧ್ರಗಳಲ್ಲಿ ಅಡಗಿದೆ. ರಂಧ್ರಗಳು ತುಂಬಿದ ಮೇಲೆ ಅದು ನೀರಿನೊಡನೆ ಹಾಗೆಯೇ ಮುಂದೆ ಸಾಗುತ್ತದೆ. ಪೊರೆಯೂ ಫ್ಲೋರೈಡನ್ನು ನಾಶಮಾಡುವುದಿಲ್ಲ. ಒಂದು ಪಾಲು ನೀರನ್ನು ಶುದ್ಧವಾಗಿಸಿ, ಉಳಿದ ಪಾಲಿನಲ್ಲಿ ಫ್ಲೋರೈಡನ್ನು ಇನ್ನಷ್ಟು ಸಾಂದ್ರಗೊಳಿಸಿ ಹೊರಗೆ ಬಿಡುತ್ತದೆ.

ಇನ್ನು ಇದ್ದಿಲು ಹುಟ್ಟುವ ಜಾಗಕ್ಕೆ ಬಂದರೆ, ಇಂಗಾಲಕರ್ಮದ ನಿಷೇಧವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಹಳೆಯ ಕಾಲದಲ್ಲಿ ಇದ್ದಿಲೆಂದರೆ ಕಡಿದ ಹಸಿ ಮರ, ಅದರಲ್ಲಿ ಗೂಡುಕಟ್ಟಿದ ಹಕ್ಕಿ, ತೊಗಟೆಯೊಳಗಿನ ಹುಳ. ತೆಂಗಿನ ಚಿಪ್ಪಿಗಾಗಿ ಯಾವ ಮರವನ್ನೂ ಕಡಿಯಬೇಕಿಲ್ಲ. ಅದು ಮರ ತಾನೇ ಕೊಟ್ಟ ಫಲದ ಒಣಗಿದ ಉಳಿಕೆ. ಇಷ್ಟರಿಂದಲೇ ಕಸುಬು ನಿರ್ದೋಷವಾಯಿತೆನ್ನುವವರು ಆಶಾಧರನ ಮಾತನ್ನು ನೆನೆಯಬೇಕು. ಅವನು ಅಗ್ನಿಜೀವಿಕೆ, ಸರಃಶೋಷ ಮೊದಲಾದ ಹದಿನೈದು ಖರಕರ್ಮಗಳನ್ನು ಹೆಸರಿಸುತ್ತಾನೆ. ಆದರೆ ಹೀಗೆ ಎಣಿಸಿ ಹೇಳುವುದನ್ನೇ ಅವನು ಪೂರ್ತಿ ಒಪ್ಪುವುದಿಲ್ಲ. ಲೋಕದಲ್ಲಿ ಪಾಪಸಹಿತವಾದ ಕೆಲಸಗಳು ಲೆಕ್ಕವಿಲ್ಲದಷ್ಟಿವೆ. ಅಂಥ ಪಟ್ಟಿ ತೀರ ಮಂದಮತಿಗಳಿಗೆ ಬೇಕಾದೀತು ಎಂಬುದು ಅವನ ನಿಲುವು. ಕಸುಬಿನ ಹೆಸರು ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದಕ್ಕಿಂತ ಅದು ಹೇಗೆ ನಡೆಯುತ್ತಿದೆ ಎಂಬುದು ನಿರ್ಣಾಯಕವೆಂಬ ಅರ್ಥ ಇದರಿಂದ ಹೊರಡುತ್ತದೆ. ಜನ್ನನ 'ಯಶೋಧರಚರಿತೆ' (1209) ಇದೇ ತಿಳಿವನ್ನು ಇನ್ನೊಂದು ದಿಕ್ಕಿನಿಂದ ಕೊಡುತ್ತದೆ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ, ಜೀವವಿಲ್ಲದ ವಸ್ತು. ಆದರೂ ಅದರ ಫಲ ಜನ್ಮಜನ್ಮಾಂತರಕ್ಕೆ ಬೆನ್ನುಹತ್ತಿತು. ಕೈಯಲ್ಲಿರುವ ವಸ್ತು ನಿರ್ಜೀವವೆಂಬ ಒಂದೇ ಕಾರಣದಿಂದ ಕ್ರಿಯೆ ಅಹಿಂಸೆಯಾಗುವುದಿಲ್ಲ.

ಚಿಪ್ಪು ಸುಡುವಾಗ ಅದರ ತೂಕದ ಮೂರನೆಯ ಎರಡಕ್ಕಿಂತ ಹೆಚ್ಚು ಭಾಗ ಹೊಗೆ, ಹಬೆ, ಟಾರುಗಳಾಗಿ ಹೊರಬೀಳುತ್ತದೆ. ಅದರಲ್ಲಿ ಅಸಿಟಿಕ್ ಆಮ್ಲವೂ ಫೀನಾಲುಗಳೂ ಇರುತ್ತವೆ. ತೆರೆದ ಗುಂಡಿಯ ಹೊಗೆ ಪಕ್ಕದ ಮನೆ, ತೋಟಗಳ ಮೇಲೆ ಇಳಿಯುತ್ತದೆ. ಕೆಂಡ ಆರಿಸಲು ಸುರಿದ ನೀರು ಕಪ್ಪಾಗಿ ನೆಲಕ್ಕಿಳಿಯುತ್ತದೆ. ತೆಂಗಿನ ಸೀಮೆಯ ಹಳ್ಳಿಗಳು ಇಂಥ ಘಟಕಗಳ ಹೊಗೆ, ಮಸಿಗಳ ಬಗ್ಗೆ ದೂರುತ್ತಲೇ ಬಂದಿವೆ. ನೀರಿನಿಂದ ಸಕ್ರಿಯ ಇಂಗಾಲ ಚೆನ್ನಾಗಿ ಹಿಡಿಯುವ ಕಲ್ಮಶಗಳಲ್ಲಿ ಫೀನಾಲು ಪ್ರಮುಖವಾದುದು. ಒಂದೂರಿನ ನೀರನ್ನು ಫೀನಾಲಿನಿಂದ ಕಾಯುವ ವಸ್ತು ಇನ್ನೊಂದೂರಿನ ನೀರಿಗೆ ಫೀನಾಲು ಸೇರಿಸಿ ತಯಾರಾಗಬಾರದು. ಹೊಗೆಯನ್ನೇ ಮತ್ತೆ ಉರಿಸಿ ಅದರ ಶಾಖವನ್ನು ಕೊಬ್ಬರಿ ಒಣಗಿಸಲೋ ಬೇರೆ ಕೆಲಸಕ್ಕೋ ಬಳಸುವ ಮುಚ್ಚಿದ ಕುಲುಮೆಗಳು ಸಾಧ್ಯವಿರುವಾಗ ತೆರೆದ ಗುಂಡಿಯ ಸಮರ್ಥನೆ ಕಷ್ಟ. ಗೃಹಸ್ಥನ ಜೀವನೋಪಾಯದಲ್ಲಿ ಆಗುವ ಹಿಂಸೆಯನ್ನು ಜೈನಶಾಸ್ತ್ರ 'ಉದ್ಯೋಗೀ ಹಿಂಸೆ' ಎಂದು ಬೇರೆಯಾಗಿ ಗುರುತಿಸಿ, ಅದನ್ನು ಯತ್ನಾಚಾರದಿಂದ ಕನಿಷ್ಠಗೊಳಿಸಬೇಕೆನ್ನುತ್ತದೆ. ಮುಚ್ಚಿದ ಕುಲುಮೆ ಯತ್ನಾಚಾರದ ಇಂದಿನ ರೂಪ.

ಆಶಾಧರ ಹೇಳಿದ ಮೂರು ಲೋಪಗಳನ್ನು ಹಳ್ಳಿಯ ನೀರಿನ ಘಟಕಕ್ಕೆ ಹಿಡಿದು ನೋಡಬಹುದು. ಹಿಡಿಯುವ ಶಕ್ತಿ ಕಳೆದುಕೊಂಡ ಇದ್ದಿಲು ತಕ್ಕದಲ್ಲದ ಬಟ್ಟೆಗೆ ಸಮಾನ. ಅದನ್ನು ಬದಲಿಸುವ ಅವಧಿ ಮೀರುವುದೆಂದರೆ ಮುಹೂರ್ತ ಮೀರಿದಂತೆ. ತುಂಬಿದ ಇದ್ದಿಲನ್ನೂ ಫ್ಲೋರೈಡ್ ಸಾಂದ್ರವಾದ ತ್ಯಾಜ್ಯ ನೀರನ್ನೂ ಕಂಡಲ್ಲಿ ಸುರಿಯುವುದು ಉಳಿಕೆಯನ್ನು ತಪ್ಪು ಜಾಗದಲ್ಲಿಟ್ಟಂತೆ. ಮೊದಲೆರಡರ ಬಗೆಗೆ ಅಲ್ಲಲ್ಲಿ ಎಚ್ಚರವಿದ್ದೀತು. ಮೂರನೆಯದನ್ನು ಕೇಳುವವರು ಕಡಿಮೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಂದು ಉಳಿಕೆ ಬಂದ ನೀರಿಗೇ ಮರಳಬೇಕಿತ್ತು, ಏಕೆಂದರೆ ಅದು ಜೀವ. ಇಂದಿನ ಉಳಿಕೆ ವಿಷ. ಅದು ಬಂದ ನೀರಿಗೆ ಮರಳಕೂಡದು. ವಿಧಿ ತಿರುವುಮುರುವಾದರೂ ಹೊಣೆ ಅದೇ.

ಹದಿನೈದರ ಪಟ್ಟಿಯ ಹದಿನಾಲ್ಕನೆಯದನ್ನು ಇಲ್ಲಿ ಮತ್ತೆ ನೆನೆಯಬೇಕು. ಈ ಸೀಮೆಯ ಫ್ಲೋರೈಡ್ ಯಾರೋ ತಂದು ಸುರಿದದ್ದಲ್ಲ; ಆಳದ ಶಿಲೆಯಲ್ಲಿಯೇ ಇದ್ದದ್ದು. ಕೆರೆಗಳು ಹೂಳು ತುಂಬಿ ಬತ್ತಿದಂತೆ, ತೆರೆದ ಬಾವಿಗಳು ಒಣಗಿದಂತೆ, ಕೊಳವೆಬಾವಿಗಳು ಆಳಕ್ಕಿಳಿದು ಬಹುಕಾಲ ಕಲ್ಲಿನೊಡನೆ ಕೂಡಿದ್ದ ನೀರನ್ನು ಮೇಲಕ್ಕೆತ್ತಿದವು. ಬರದ ವರ್ಷಗಳಲ್ಲಿ ತೆಂಗಿನ ತೋಟಗಳೇ ಒಣಗಿ ನಿಂತದ್ದನ್ನೂ ಈ ನೆಲ ಕಂಡಿದೆ. ಇಂಗಾಲಕರ್ಮದಿಂದ ಬಂದ ಹರಳು ಸರಃಶೋಷದಿಂದ ಬಂದ ಕೇಡಿಗೆ ತೇಪೆ ಹಾಕುತ್ತಿರುವ ಕಾಲ ಇದು. ಹತ್ತಾರು ವರ್ಷ ಈ ತೇಪೆ ಬೇಕಾಗಬಹುದು, ಅದನ್ನು ಚೆನ್ನಾಗಿ ಹಾಕಲೂಬೇಕು. ಆದರೆ ಅರಸೀಕೆರೆಯ ಹೆಸರಿನಲ್ಲಿರುವ ಕೆರೆಯಲ್ಲಿಯೂ ಜಾವಗಲ್ ಸುತ್ತಿನ ಕೆರೆಗಳಲ್ಲಿಯೂ ಮಳೆಯ ನೀರು ನಿಂತು ನೆಲಕ್ಕಿಳಿದಾಗಲಷ್ಟೇ ಆಳದ ನೀರಿನ ಮೇಲಿನ ಒತ್ತಡ ತಗ್ಗುವುದು. ಸಹಸ್ರಕೂಟ ಕಟ್ಟಿಸಿದವರ ಕಾಲದಲ್ಲಿ ಕೆರೆಯ ಹೂಳೆತ್ತುವುದಕ್ಕೂ ತೂಬನ್ನು ಕಾಪಾಡುವುದಕ್ಕೂ ದತ್ತಿಗಳನ್ನು ಬಿಡುತ್ತಿದ್ದ ಕನ್ನಡ ನಾಡಿನಲ್ಲಿ, ಚಿಪ್ಪಿನ ಇದ್ದಿಲಿಗೆ ಸಿಗುತ್ತಿರುವ ಗಮನದ ಒಂದು ಪಾಲಾದರೂ ಆ ಹೂಳಿನ ಕಡೆಗೆ ಹರಿಯಬೇಕಾಗಿದೆ.